ಹತ್ತು ರೊಟ್ಟಿ, ಹತ್ತು ಶಾಟ್: ಕಲಬುರಗಿಯ ಅಡುಗೆಮನೆಯಲ್ಲಿ ಸಿನಿಮಾ ಕಲಿಕೆ

ಸಿನಿಮಾ ಕಲಿಯಬೇಕು ಅಂತ ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು ಒಂದೇ: "ಅಣ್ಣಾ, ಯಾವ ಕ್ಯಾಮೆರಾ ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ: "ನಿಮ್ಮ ಮನ್ಯಾಗ ರೊಟ್ಟಿ ಯಾರು ಬಡೀತಾರ?" ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ನಾನು ಮಾತ್ರ ತಮಾಷೆಗೆ ಕೇಳುವುದಿಲ್ಲ.

ಶುರುವಿಗೆ ನಾಲ್ಕು ನಿಮಿಷದ ಒಂದು ಚಿತ್ರ ಮಾಡಿ. ಮಾತು ಬೇಡ, ಹಾಡು ಬೇಡ. ಒಬ್ಬರು ಜೋಳದ ರೊಟ್ಟಿ ಮಾಡುತ್ತಾರೆ, ಅಷ್ಟೇ. ರೊಟ್ಟಿನೇ ಯಾಕೆ ಅಂದ್ರೆ, ಅದು ಮತ್ತೆ ಮತ್ತೆ ಆಗುವ ಕೆಲಸ. ದೊಡ್ಡ ಸಿನಿಮಾದವರು ಒಂದೇ ದೃಶ್ಯವನ್ನು ನಾಲ್ಕು ಕಡೆಯಿಂದ ತೆಗೆಯಲು ನಟರಿಂದ ಅದನ್ನೇ ಹತ್ತು ಸಲ ಮಾಡಿಸುತ್ತಾರೆ. ನಿಮ್ಮ ಅವ್ವ ಯಾರೂ ಹೇಳದೆ ದಿನಾ ಅದನ್ನೇ ಹತ್ತು ಸಲ ಮಾಡುತ್ತಾಳೆ. ನಿಮ್ಮ ಹತ್ತಿರ ಇರುವುದು ಒಂದೇ ಫೋನ್ ಆದರೂ ಹತ್ತು ರೊಟ್ಟಿ ಅಂದ್ರೆ ಹತ್ತು ಶಾಟ್. ಇಂಥ ಅನುಕೂಲ ಬೇರೆ ಎಲ್ಲೂ ಪುಕ್ಕಟೆ ಸಿಗುವುದಿಲ್ಲ.

ಹೆಜ್ಜೆ 1: ಫೋನ್ ಜೇಬಿನಲ್ಲೇ ಇರಲಿ

ಎರಡು ದಿನ ಸುಮ್ನೆ ಕೂತು ನೋಡಿ. ಕೈಯಲ್ಲಿ ನೋಟ್‌ಬುಕ್ ಇರಲಿ. ಎಸರು ಕುದಿಯುವುದು, ಹಿಟ್ಟಿಗೆ ಎಸರು ಹಾಕುವುದು, ನಾದುವುದು, ಉಂಡೆ ಮಾಡುವುದು, ಕೆಳಗೆ ಒಣಹಿಟ್ಟು ಉದುರಿಸುವುದು, ಬಡಿಯುವುದು, ಎತ್ತಿ ಹಂಚಿಗೆ ಹಾಕುವುದು, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುವುದು, ತಿರುವಿ ಹಾಕುವುದು, ಉಬ್ಬುವುದು, ಬುಟ್ಟಿಗೆ ಬೀಳುವುದು. ಒಂದೊಂದಕ್ಕೂ ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಬರೆದುಕೊಳ್ಳಿ. ಹುಟ್ಟಿದಾಗಿನಿಂದ ನೋಡಿದ ಕೆಲಸವೇ ಆದರೂ ಬರೆಯಲು ಕೂತರೆ ಅರ್ಧ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ನೀರು ಸವರುವುದು ತಿರುವಿ ಹಾಕುವುದಕ್ಕಿಂತ ಮೊದಲೋ ಆಮೇಲೋ ಅಂತ ಒಬ್ಬ ಹುಡುಗನನ್ನು ಕೇಳಿ ನೋಡಿ.

ಇನ್ನೊಂದು ಕೆಲಸ ಇದೆ. ಆ ರೊಟ್ಟಿ ಬಡಿಯುವಲ್ಲಿ ಎಲ್ಲಿ ಕುತೂಹಲ ಇದೆ ಅಂತ ಹುಡುಕಿ. ಎಷ್ಟೋ ಮನೆಯಲ್ಲಿ ಮೊದಲ ರೊಟ್ಟಿ ಕೆಡುತ್ತದೆ, ಹಂಚು ಇನ್ನೂ ಕಾದಿರುವುದಿಲ್ಲ. ಅಂಚು ಸೀಳುತ್ತದೆ, ಉಬ್ಬುವುದಿಲ್ಲ. ಅವ್ವನ ಮುಖ ಸ್ವಲ್ಪ ಗಂಟಾಗುತ್ತದೆ. ಎರಡನೆಯದು ಅರ್ಧ ಉಬ್ಬುತ್ತದೆ. ಮೂರನೆಯದು? ನೋಡುವವನು ಈಗ ಕಾಯುತ್ತಾನೆ. ಕಥೆ ಅಂದ್ರೆ ಇಷ್ಟೇ, ಉಬ್ಬುತ್ತದೋ ಇಲ್ಲವೋ.

ಇದನ್ನೇ ಒಂದೆರಡು ಪುಟದಲ್ಲಿ ಚಿತ್ರಕಥೆಯಾಗಿ ಬರೆಯಿರಿ. ನಿಯಮ ಒಂದೇ: ಕಣ್ಣಿಗೆ ಕಾಣದ್ದು, ಕಿವಿಗೆ ಕೇಳದ್ದು ಬರೆಯಬೇಡಿ. 'ಅವಳಿಗೆ ಬೇಜಾರಾಯಿತು' ಅಂತ ಬರೆದರೆ ಕ್ಯಾಮೆರಾ ಏನು ತೆಗೆಯಬೇಕು? 'ಸೀಳಿದ ರೊಟ್ಟಿಯನ್ನು ಬುಟ್ಟಿಗೆ ಹಾಕದೆ ಪಕ್ಕಕ್ಕೆ ಇಟ್ಟಳು' ಅಂತ ಬರೆಯಿರಿ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಒಂದು ನಿಮಿಷ ಅಂತ ಹೇಳುತ್ತಾರೆ. ಮಾತಿಲ್ಲದ ಚಿತ್ರಕ್ಕೆ ಆ ಲೆಕ್ಕ ಹೊಂದುವುದಿಲ್ಲ, ಗಡಿಯಾರ ನೋಡಿ ಬರೆದುಕೊಂಡ ಸೆಕೆಂಡುಗಳನ್ನೇ ನಂಬಿ.

ಹೆಜ್ಜೆ 2: ಕೇಳಿ ತೆಗೆಯಿರಿ

ಅವ್ವನೇ ಆದರೂ ಕೇಳಿ. ಮುಖ ತೋರಿಸಬಹುದೋ, ಬರೀ ಕೈ ಸಾಕೋ, ಯಾರಿಗೆ ತೋರಿಸುತ್ತೀರಿ, ಎಲ್ಲ ಮೊದಲೇ ಮಾತಾಡಿಕೊಳ್ಳಿ. "ಈ ಸೀರ್ಯಾಗ ಬ್ಯಾಡಪ್ಪಾ, ತಡಿ" ಅಂದರೆ ತಡೆಯಿರಿ. ಎರಡನೇ ದಿನವೂ ತೆಗೆಯುವುದಾದರೆ ಅದೇ ಸೀರೆ, ಅವೇ ಬಳೆ ಇರಬೇಕು ಅಂತ ಮೊದಲ ದಿನವೇ ಹೇಳಿಬಿಡಿ.

ಹೆಜ್ಜೆ 3: ಫೋನಿನ ನಾಲ್ಕು ಸೆಟ್ಟಿಂಗ್

ಮೊದಲು ಲೆನ್ಸ್ ಒರೆಸಿ. ನಗಬೇಡಿ, ಮಸುಕು ಚಿತ್ರಗಳಲ್ಲಿ ಅರ್ಧದಷ್ಟು ಬೆರಳಿನ ಎಣ್ಣೆಯಿಂದ ಆದವು.

ಸೆಕೆಂಡಿಗೆ 25 ಫ್ರೇಮ್, ಅಂದ್ರೆ ಬಿಡಿ ಚಿತ್ರ, ಇಡಿ. ಶಟರ್, ಅಂದ್ರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್. ಇದಕ್ಕೆ ಕಾರಣ ಇದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್, ಅಗ್ಗದ ಎಲ್ಇಡಿ ಬಲ್ಬ್‌ಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಫೋನ್ ತನ್ನಷ್ಟಕ್ಕೆ 30 ಫ್ರೇಮ್, 1/60 ಇಟ್ಟುಕೊಂಡರೆ ಎರಡೂ ತಾಳ ತಪ್ಪಿ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಫೋನಿನಲ್ಲಿ 25 ಇಲ್ಲದಿದ್ದರೆ 24 ಅಥವಾ 30 ಇರಲಿ, ಶಟರ್ ಮಾತ್ರ 1/50 ಅಥವಾ 1/100 ಇಡಿ. ಫೋನಿನ ಸ್ವಂತ ಆ್ಯಪ್ ಇದಕ್ಕೆ ಒಪ್ಪದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಪುಕ್ಕಟೆ ಆ್ಯಪ್ ಇದೆ. ಎಲ್ಲ ಫೋನಿಗೂ ಬರುವುದಿಲ್ಲ, ನಿಮ್ಮದಕ್ಕೆ ಬರುತ್ತದಾ ನೋಡಿ.

ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಸಾಮಾನ್ಯವಾಗಿ ಲಾಕ್ ಆಗುತ್ತದೆ. ಇಲ್ಲದಿದ್ದರೆ ಅವ್ವನ ಬಿಳಿ ಹಿಟ್ಟಿನ ಕೈ ಮುಂದೆ ಬಂದಾಗೊಮ್ಮೆ ಇಡೀ ಅಡುಗೆಮನೆ ಕಪ್ಪಾಗುತ್ತದೆ, ಕೈ ಹೋದರೆ ಬೆಳಗುತ್ತದೆ. ಬಣ್ಣವನ್ನೂ, ಅಂದ್ರೆ ವೈಟ್ ಬ್ಯಾಲೆನ್ಸ್, ಹಾಗೇ ಲಾಕ್ ಮಾಡಿ. ಕೊನೆಗೆ ಏರೋಪ್ಲೇನ್ ಮೋಡ್. ಮೂರನೇ ರೊಟ್ಟಿ ಉಬ್ಬುವ ಹೊತ್ತಿಗೇ ಲೋನ್ ಬೇಕಾ ಅಂತ ಫೋನ್ ಬರುತ್ತದೆ.

ಹೆಜ್ಜೆ 4: ಒಂದು ರೊಟ್ಟಿಗೆ ಒಂದು ಜಾಗ

ಝೂಮ್ ಮುಟ್ಟಬೇಡಿ, ಕಾಲು ಬಳಸಿ. ಮೊದಲ ರೊಟ್ಟಿಯನ್ನು ಬಾಗಿಲಿನಿಂದ ಇಡೀ ಅಡುಗೆಮನೆ ಕಾಣುವ ಹಾಗೆ ತೆಗೆಯಿರಿ, ಇದು ವೈಡ್. ಎರಡನೆಯದಕ್ಕೆ ಹತ್ತಿರ ಹೋಗಿ ಸೊಂಟದಿಂದ ಮೇಲೆ, ಇದು ಮಿಡ್. ಮೂರನೆಯದಕ್ಕೆ ಬರೀ ಕೈ. ನಾಲ್ಕನೆಯದಕ್ಕೆ ಬರೀ ಮುಖ, ಇವು ಕ್ಲೋಸಪ್. ಆಮೇಲೆ ಹೆಗಲ ಮೇಲಿಂದ ಹಂಚು. ಆಮೇಲೆ ನೆಲಕ್ಕೆ ಫೋನ್ ಒರಗಿಸಿ ಹಿಟ್ಟು ಉದುರುವುದು. ಪ್ರತಿ ಶಾಟನ್ನೂ ಕೆಲಸ ಶುರುವಾಗುವ ಐದು ಸೆಕೆಂಡ್ ಮೊದಲು ಆನ್ ಮಾಡಿ, ಮುಗಿದ ಮೇಲೆ ಐದು ಸೆಕೆಂಡ್ ಬಿಟ್ಟು ಆಫ್ ಮಾಡಿ. ಎಡಿಟಿಂಗ್‌ಗೆ ಕೂತಾಗ ಆ ಐದು ಸೆಕೆಂಡು ಬಂಗಾರ.

ಫೋನ್ ಅಲ್ಲಾಡದಿರಲು ಟ್ರೈಪಾಡ್ ಬೇಕಿಲ್ಲ. ಒಂದು ಸಣ್ಣ ಚೀಲದಲ್ಲಿ ಎರಡು ಕೇಜಿ ತೊಗರಿಬೇಳೆ ತುಂಬಿ ಬಾಯಿ ಕಟ್ಟಿ, ಅದರ ಮೇಲೆ ಫೋನ್ ಕೂರಿಸಿ. ಯಾವ ಕೋನಕ್ಕೆ ಬೇಕಾದರೂ ಬಗ್ಗುತ್ತದೆ. ಕಲಬುರಗಿಯಲ್ಲಿ ತೊಗರಿಗೆ ಬರವೇ?

ಇಲ್ಲಿ ಒಂದು ಹಳ್ಳ ಇದೆ. ಬುಟ್ಟಿಯಲ್ಲಿ ರೊಟ್ಟಿ ಏರುತ್ತಾ ಹೋಗುತ್ತದೆ. ಎರಡನೇ ರೊಟ್ಟಿಯ ಮಿಡ್ ಶಾಟ್ ಪಕ್ಕ ಒಂಬತ್ತನೇ ರೊಟ್ಟಿಯ ಕ್ಲೋಸಪ್ ಜೋಡಿಸಿದಿರಿ ಅಂತಿಟ್ಟುಕೊಳ್ಳಿ. ಹಿಂದೆ ಬುಟ್ಟಿ ಕಂಡರೆ ಕಣ್ಣು ಮಿಟುಕಿಸುವುದರಲ್ಲಿ ಏಳು ರೊಟ್ಟಿ ಹೆಚ್ಚಾಗಿರುತ್ತವೆ. ಹೀಗೆ ಆಗದ ಹಾಗೆ ನೋಡಿಕೊಳ್ಳುವುದಕ್ಕೇ ಕಂಟಿನ್ಯುಟಿ ಅನ್ನುವುದು. ಬುಟ್ಟಿಯನ್ನು ಫ್ರೇಮಿನಿಂದ ಹೊರಗಿಡಿ. ಬೇಕು ಅನ್ನಿಸಿದಾಗ ಮಾತ್ರ ತೋರಿಸಿ, ಆಗ ಅದು ಎಷ್ಟು ಹೊತ್ತಾಯಿತು ಅಂತ ಹೇಳುವ ಗಡಿಯಾರ ಆಗುತ್ತದೆ.

ಹೆಜ್ಜೆ 5: ಗೆರೆ ದಾಟಬೇಡಿ

ಇದನ್ನು ನಾನು ಕಲಿತದ್ದು ಕಟ್ಟೆಯ ಮೇಲೆ. ನಮ್ಮ ಕಾಕಾ ಮತ್ತು ಅವರ ಗೆಳೆಯರೊಬ್ಬರು ಎದುರುಬದುರು ಕೂತು ತೊಗರಿ ದರ ಮಾತಾಡುವ ದೃಶ್ಯ. ಕಾಕಾನನ್ನು ರಸ್ತೆ ಕಡೆ ನಿಂತು ತೆಗೆದೆ. ಗೆಳೆಯರ ಸರದಿ ಬಂದಾಗ ಬಿಸಿಲು ನೇರ ಲೆನ್ಸಿಗೆ ಹೊಡೆಯುತ್ತಿತ್ತು. ಜಾಣನ ಹಾಗೆ ಮನೆ ಕಡೆ ಹೋಗಿ ನಿಂತು ತೆಗೆದೆ. ರಾತ್ರಿ ಜೋಡಿಸಿ ನೋಡಿದರೆ ಇಬ್ಬರೂ ಎಡಕ್ಕೇ ನೋಡುತ್ತಿದ್ದಾರೆ! ಬಸ್ ಸ್ಟ್ಯಾಂಡಿನಲ್ಲಿ ಒಂದೇ ಬಸ್ ಕಾಯುವವರ ಹಾಗೆ. ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರೆ ಅಂತ ಯಾರಿಗೂ ಅನ್ನಿಸಲಿಲ್ಲ.

ಇಬ್ಬರ ನಡುವೆ ಒಂದು ದಾರ ಕಟ್ಟಿದೆ ಅಂದುಕೊಳ್ಳಿ. ದಾರದ ಒಂದು ಬದಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿ, ಆ ಕಡೆ ದಾಟಬೇಡಿ. 180 ಡಿಗ್ರಿ ನಿಯಮ ಅಂದರೆ ಇದೇ. ರೊಟ್ಟಿ ಚಿತ್ರದಲ್ಲಿ ದಾರ ಅವ್ವನಿಂದ ಹಂಚಿಗೆ ಇರುತ್ತದೆ. ಅವ್ವ ಬಲಕ್ಕೆ ನೋಡಿ ರೊಟ್ಟಿ ಹಾಕಿದರೆ ಎಲ್ಲ ಶಾಟಿನಲ್ಲೂ ಹಂಚು ಬಲಕ್ಕೇ ಇರಲಿ. ಇನ್ನೊಂದು ಸಣ್ಣ ಮಾತು: ಒಂದು ಶಾಟಿನಿಂದ ಮುಂದಿನದಕ್ಕೆ ಹೋಗುವಾಗ ಕನಿಷ್ಠ 30 ಡಿಗ್ರಿ ಪಕ್ಕಕ್ಕೆ ಸರಿಯಿರಿ, ಇಲ್ಲವೇ ವೈಡಿನಿಂದ ಕ್ಲೋಸಪ್ಪಿಗೆ ಹೋದ ಹಾಗೆ ಚಿತ್ರದ ಅಳತೆ ಚೆನ್ನಾಗಿ ಬದಲಾಗಲಿ. ಎರಡೂ ಇಲ್ಲದಿದ್ದರೆ ಚಿತ್ರ ಎಗರಿದ ಹಾಗೆ ಕಾಣುತ್ತದೆ.

ಹೆಜ್ಜೆ 6: ನಮ್ಮೂರ ಬಿಸಿಲಿನ ಜೊತೆ ಜಗಳ ಬೇಡ

ಕಲಬುರಗಿಯಲ್ಲಿ ಬೆಳಕು ಕಡಿಮೆ ಅಂತ ಯಾರೂ ಅಳುವ ಹಾಗಿಲ್ಲ. ಜಾಸ್ತಿ ಆಗಿರುವುದೇ ಕಷ್ಟ. ಮೇ 9ರ ಆಸುಪಾಸು, ಮತ್ತೆ ಆಗಸ್ಟ್ ಮೊದಲ ವಾರದಲ್ಲಿ, ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ಆಗ ಹೊರಗೆ ಯಾರ ಮುಖ ತೆಗೆದರೂ ಹುಬ್ಬಿನ ಕೆಳಗೆ ಕಣ್ಣಿರುವುದಿಲ್ಲ, ಎರಡು ಕಪ್ಪು ಗುಂಡಿ ಇರುತ್ತವೆ. ಸಾಲದ್ದಕ್ಕೆ ಫೋನ್ ಕಾದು ತಾನೇ ಆಫ್ ಆಗುತ್ತದೆ. ಮುಂಜಾನೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ತೆಗೆಯಿರಿ. ಮಧ್ಯಾಹ್ನವೇ ಆಗಬೇಕು ಅಂದರೆ ಒಳಗೆ ಬನ್ನಿ.

ಒಳಗಡೆ ನಿಮ್ಮ ಲೈಟು ಅಂದರೆ ಬಾಗಿಲು ಮತ್ತು ಕಿಟಕಿ. ಟ್ಯೂಬ್‌ಲೈಟ್ ಬಂದ್ ಮಾಡಿ. ಅವ್ವನನ್ನು ಕಿಟಕಿಗೆ ಅಡ್ಡಲಾಗಿ ಕೂರಿಸಿ, ಬೆಳಕು ಒಂದು ಕೆನ್ನೆಗೆ ಬೀಳಲಿ. ಇನ್ನೊಂದು ಕೆನ್ನೆ ತೀರಾ ಕಪ್ಪಾದರೆ ಆ ಕಡೆ ಒಂದು ಬಿಳಿ ಧೋತ್ರ ಹಿಡಿದು ನಿಲ್ಲಲು ತಮ್ಮನಿಗೆ ಹೇಳಿ. ಶಹಾಬಾದ್ ಕಲ್ಲಿನ ಬೂದು ನೆಲ ಬೆಳಕನ್ನು ಕುಡಿದುಬಿಡುತ್ತದೆ, ಹಾಗಾಗಿ ನೆಲಕ್ಕೂ ಒಂದು ಬಿಳಿ ಬಟ್ಟೆ ಹಾಸಿದರೆ ಕೆಳಗಿನಿಂದ ಮೆತ್ತನೆ ಬೆಳಕು ಬರುತ್ತದೆ. ಧೋತ್ರದ ಉಪಾಯ ಬಡವರ ಉಪಾಯ ಅಂತ ಕೀಳಾಗಿ ನೋಡಬೇಡಿ. 1956ರ 'ಅಪರಾಜಿತೋ' ಚಿತ್ರಕ್ಕೆ ಸ್ಟುಡಿಯೋದಲ್ಲಿ ಕಾಶಿಯ ಮನೆಯ ಸೆಟ್ ಹಾಕಿದಾಗ ಛಾಯಾಗ್ರಾಹಕ ಸುಬ್ರತಾ ಮಿತ್ರ ಮೇಲೆ ಬಿಳಿ ಬಟ್ಟೆ ಕಟ್ಟಿ, ಅದಕ್ಕೆ ಕೆಳಗಿನಿಂದ ಲೈಟು ಹೊಡೆದು, ಅಂಗಳಕ್ಕೆ ಬೀಳುವ ಆಕಾಶದ ಬೆಳಕನ್ನೇ ತಂದಿದ್ದರು.

ಒಂದು ಶಾಟನ್ನು ಮಾತ್ರ ಉಲ್ಟಾ ಮಾಡಿ. ಕಿಟಕಿ ಅವ್ವನ ಹಿಂದೆ ಇರಲಿ, ನೀವು ಎದುರಿಗೆ ಬನ್ನಿ. ಬಡಿದ ಪೆಟ್ಟಿಗೆ ಏಳುವ ಹಿಟ್ಟಿನ ಧೂಳು, ಎಸರಿನ ಹಬೆ, ಬರೀ ಕಣ್ಣಿಗೆ ಅಷ್ಟಾಗಿ ಕಾಣದ್ದೆಲ್ಲ ಹಿಂದಿನ ಬೆಳಕಿಗೆ ಹೊಳೆಯುತ್ತದೆ. ನನ್ನ ಚಿತ್ರದಲ್ಲಿ ಜನ ನೆನಪಿಟ್ಟುಕೊಂಡ ಶಾಟ್ ಅದೊಂದೇ.

ಬೆಳಕು ನೋಡುವುದನ್ನು ಕಲಿಯಲು ಊರಲ್ಲೇ ಒಂದು ಪಾಠಶಾಲೆ ಇದೆ. ಕೋಟೆಯೊಳಗಿನ ಜಾಮಿ ಮಸೀದಿ, 1367ರದ್ದು. ಬೇರೆ ಮಸೀದಿಗಳ ಹಾಗೆ ತೆರೆದ ಅಂಗಳ ಇಲ್ಲ, ಪೂರ್ತಿ ಚಾವಣಿ. ಬೆಳಕೆಲ್ಲ ಬದಿಯ ಕಮಾನುಗಳಿಂದ ಬಂದು ಕಂಬದಿಂದ ಕಂಬಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ಒಬ್ಬ ಗೆಳೆಯನನ್ನು ಹೊರಗಿನ ಕಮಾನಿನಿಂದ ಒಳಗೆ ನಿಧಾನ ನಡೆಸಿ, ಅವನ ಮುಖ ನೋಡುತ್ತಾ ನಿಲ್ಲಿ. ಸುಮ್ನೆ ನೋಡಲು ಹೋಗಿ. ಟ್ರೈಪಾಡ್ ಇಟ್ಟು ಶೂಟಿಂಗ್ ಮಾಡುವುದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಹೆಜ್ಜೆ 7: ಕಿವಿ

ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಸದ್ದು ಕೆಟ್ಟರೆ ಎದ್ದು ಹೋಗುತ್ತಾರೆ. ಇದನ್ನು ನಾನು ಒಂದು ಏಪ್ರಿಲ್‌ನಲ್ಲಿ ಕಲಿತೆ. ಅಜ್ಜನ ಕೈಲಿ ಹಳೇ ಕಥೆ ಹೇಳಿಸಿ ಒಂದು ತಾಸು ರೆಕಾರ್ಡ್ ಮಾಡಿದ್ದೆ. ಸೆಕೆಗೆ ಕೂಲರ್ ಓಡುತ್ತಿತ್ತು. ನಮಗೆ ಬೇಸಿಗೆಯಲ್ಲಿ ಕೂಲರ್ ಸದ್ದು ಕೇಳಿಸುವುದೇ ಇಲ್ಲ, ಅಷ್ಟು ರೂಢಿ. ಮೈಕಿಗೆ ಕೇಳಿಸುತ್ತದೆ. ಆ ಒಂದು ತಾಸಿನಲ್ಲಿ ಅಜ್ಜ ಹಾರುವ ಹೆಲಿಕಾಪ್ಟರಿನಲ್ಲಿ ಕೂತು ಮಾತಾಡಿದ ಹಾಗಿದೆ. ಮತ್ತೊಮ್ಮೆ ಹೇಳಿ ಅಂದಾಗ ಅಜ್ಜ, "ಹೇಳಿದ್ದ ಕಥಿ ಮತ್ತ ಹ್ಯಾಂಗ ಹೇಳಲಿ" ಅಂದುಬಿಟ್ಟರು.

ಹಾಗಾಗಿ ಮೊದಲು ಕಣ್ಣು ಮುಚ್ಚಿ ಒಂದು ನಿಮಿಷ ಕೂತು ಕೇಳಿ. ಫ್ಯಾನ್, ಕೂಲರ್, ಫ್ರಿಜ್, ಇನ್ವರ್ಟರಿನ ಗುಂಯ್ ಸದ್ದು. ಆರಿಸಲು ಆಗುವುದನ್ನೆಲ್ಲ ಆರಿಸಿ. ಸೆಕೆಯಾದರೆ ಮೂರು ನಿಮಿಷ ತೆಗೆಯುವುದು, ಕೂಲರ್ ಹಚ್ಚುವುದು, ಮತ್ತೆ ಮೂರು ನಿಮಿಷ. ಫ್ರಿಜ್ ಆರಿಸಿದರೆ ನಿಮ್ಮ ಬೈಕಿನ ಕೀಲಿ ಫ್ರಿಜ್ಜಿನೊಳಗೆ ಇಡಿ. ಆಗ ಮನೆಯಿಂದ ಹೊರಡುವ ಮೊದಲು ಅದನ್ನು ಮತ್ತೆ ಹಚ್ಚಲು ಮರೆಯುವುದಿಲ್ಲ.

ಕಲ್ಲಿನ ನೆಲ, ಬೋಳು ಗೋಡೆ, ಮೇಲೆ ತಗಡು ಇದ್ದರೆ ಸದ್ದು ಗುಡುಗುತ್ತದೆ. ಎರಡು ಕೌದಿ ತನ್ನಿ. ಒಂದನ್ನು ಚಿತ್ರದಲ್ಲಿ ಕಾಣದ ಕಡೆ ನೆಲಕ್ಕೆ ಹಾಸಿ, ಇನ್ನೊಂದನ್ನು ಎದುರು ಗೋಡೆಗೆ ಹಗ್ಗದ ಮೇಲೆ ಹಾಕಿ. ಹಳೇ ಸೀರೆಗಳನ್ನು ಪದರ ಪದರ ಹೊಲಿದ ನಮ್ಮ ಕೌದಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಚಿತ್ರ ಒಂದು ಫೋನಿನಲ್ಲಿ ತೆಗೆಯಿರಿ, ಸದ್ದನ್ನು ಇನ್ನೊಂದು ಫೋನಿನ ವಾಯ್ಸ್ ರೆಕಾರ್ಡರಿನಲ್ಲಿ ಹಿಡಿಯಿರಿ. ಆ ಎರಡನೇ ಫೋನನ್ನು ರೊಟ್ಟಿ ಬಡಿಯುವ ಜಾಗದಿಂದ ಒಂದು ಮೊಳ ದೂರದಲ್ಲಿ, ಮಡಚಿದ ಟವೆಲ್ಲಿನ ಮೇಲೆ ಇಡಿ. ನೇರ ಕಟ್ಟೆಯ ಮೇಲೆ ಇಟ್ಟರೆ ಪ್ರತಿ ಪೆಟ್ಟಿಗೂ ಧಡ್ ಧಡ್ ಅನ್ನುತ್ತದೆ. ಆಮೇಲೆ ಎರಡನ್ನೂ ಜೋಡಿಸುವುದು ಹೇಗೆ? ಸಿನಿಮಾದವರು ಕ್ಲ್ಯಾಪ್ ಬೋರ್ಡ್ ಹೊಡೆಯುವುದು ಇದಕ್ಕೇ, ಹಲಗೆ ಕೂಡಿದ ಫ್ರೇಮಿಗೆ 'ಟಕ್' ಅನ್ನುವ ಸದ್ದು ಹೊಂದಿಸುತ್ತಾರೆ. ನಿಮಗೆ ಬೋರ್ಡ್ ಬೇಡ. ರೊಟ್ಟಿಗೆ ಬೀಳುವ ಮೊದಲ ಪೆಟ್ಟೇ ಕ್ಲ್ಯಾಪ್. ಆ ಬಡಿತದ ತಾಳ ಪ್ರತಿ ಮನೆಗೂ ಬೇರೆ, ಅದನ್ನು ಪೂರ್ತಿ ಒಂದು ರೊಟ್ಟಿಯಷ್ಟು ಹೊತ್ತು ನಿಲ್ಲಿಸದೆ ಹಿಡಿಯಿರಿ.

ಎಲ್ಲ ಮುಗಿದ ಮೇಲೆ ಎಲ್ಲರಿಗೂ ಸುಮ್ಮನಿರಲು ಹೇಳಿ ಒಂದು ನಿಮಿಷ ಖಾಲಿ ಅಡುಗೆಮನೆಯ ಸದ್ದು ರೆಕಾರ್ಡ್ ಮಾಡಿ. ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಎರಡು ಶಾಟಿನ ನಡುವೆ ಸದ್ದು ಕತ್ತರಿಸಿದ ಹಾಗೆ ಕೇಳಿಸಿದರೆ ಇದನ್ನು ಅಡಿಯಲ್ಲಿ ಹಾಸಬೇಕು.

ಹೆಜ್ಜೆ 8: ಜೋಡಿಸುವುದು

ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಹಳೇ ಲ್ಯಾಪ್‌ಟಾಪಿನಲ್ಲಿ ಮಾತ್ರ ತೆವಳುತ್ತದೆ. ಫೋನಿನಲ್ಲೇ ಆದರೆ ಕೈನ್‌ಮಾಸ್ಟರ್ ಆ್ಯಪ್ ಸಾಕು. ಫೋನಿನ ವಿಡಿಯೋಗಳಲ್ಲಿ ಫ್ರೇಮಿನ ವೇಗ ಸಣ್ಣಗೆ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಜೋಡಿಸಿದ ಸದ್ದು ಹೋಗ್ತಾ ಹೋಗ್ತಾ ಹಿಂದೆ ಬಿದ್ದರೆ ಅದೇ ಕಾರಣ. ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ವೇಗಕ್ಕೆ ಬದಲಿಸಿಕೊಂಡು ಆಮೇಲೆ ಶುರು ಮಾಡಿ.

1920ರ ಸುಮಾರಿಗೆ ರಷ್ಯಾದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರು. ಒಬ್ಬ ನಟನ ಭಾವನೆಯೇ ಇಲ್ಲದ ಒಂದೇ ಮುಖ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು. ನೋಡಿದವರು ಹಸಿವು, ದುಃಖ, ಆಸೆ ಎಲ್ಲವನ್ನೂ ಅದೇ ಮುಖದಲ್ಲಿ ಕಂಡು ನಟನನ್ನು ಹೊಗಳಿದರಂತೆ. ನೀವೂ ಮಾಡಿ. ಅವ್ವನ ಸುಮ್ಮನೆ ನೋಡುವ ಮುಖ ಇದೆಯಲ್ಲ, ಅದರ ಮುಂದೆ ಸೀಳಿದ ರೊಟ್ಟಿ ಇಡಿ. ಆಮೇಲೆ ತೆಗೆದು ಖಾಲಿ ಬಾಗಿಲು ಇಡಿ. ಈಗ ಅವ್ವ ಯಾರಿಗೋ ಕಾಯುತ್ತಿದ್ದಾಳೆ. ನೀವು ಅದನ್ನು ತೆಗೆದೇ ಇರಲಿಲ್ಲ, ಆದರೂ ಅಲ್ಲಿದೆ!

ಕತ್ತರಿಸುವುದು ಕೆಲಸದ ನಡುವೆ ಆಗಲಿ. ಮಿಡ್ ಶಾಟಿನಲ್ಲಿ ರೊಟ್ಟಿ ಎತ್ತಿದ ಕೈ ಅರ್ಧ ದಾರಿಯಲ್ಲಿರುವಾಗ ಕತ್ತರಿಸಿ, ಉಳಿದರ್ಧವನ್ನು ಹಂಚಿನ ಕ್ಲೋಸಪ್ಪಿನಲ್ಲಿ ಮುಗಿಸಿ. ಕಣ್ಣು ಕೈಯ ಹಿಂದೆ ಓಡುತ್ತದೆ, ಕತ್ತರಿ ಕಾಣುವುದಿಲ್ಲ. ಸದ್ದನ್ನು ಚಿತ್ರಕ್ಕಿಂತ ಒಂದು ಸೆಕೆಂಡ್ ಮೊದಲೇ ತರುವುದನ್ನೂ ಕಲಿಯಿರಿ. ಕಪ್ಪು ಪರದೆ, ಬರೀ ಬಡಿತ, ಆಮೇಲೆ ಅಡುಗೆಮನೆ. ಕಲಬುರಗಿಯವನಾದರೆ ಚಿತ್ರ ಬರುವ ಮೊದಲೇ ಎಲ್ಲಿದ್ದೇನೆ ಅಂತ ಅವನಿಗೆ ಗೊತ್ತಾಗಿರುತ್ತದೆ.

ಕೊನೆಗೆ ಸ್ಲೋ ಮೋಷನ್. ಮದುವೆ ವಿಡಿಯೋಗಳಿಂದ ಬಂದ ಚಾಳಿ ಅದು, ಒಂದು ಕಡೆಯೂ ಬೇಡ. ಸಿನಿಮಾ ಹಾಡು ಹಾಕುವುದೂ ಬೇಡ. ಹಕ್ಕು ನಿಮ್ಮದಲ್ಲ, ಯೂಟ್ಯೂಬ್‌ಗೆ ಹಾಕಿದರೆ ತಕರಾರು ಬರಬಹುದು.

ಆಮೇಲೆ?

ರೊಟ್ಟಿ ಮತ್ತೆ ಮತ್ತೆ ಆಗುತ್ತದೆ. ಮುಂದಿನ ಪಾಠ ಒಂದೇ ಸಲ ಆಗುವ ಕೆಲಸದ್ದು. ಬೀದರಿನ ಬಿದ್ರಿ ಕೆಲಸ ನೋಡಿ. ಸತು ಮತ್ತು ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರಿಗೆ ಹಾಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಒಂದು ಹೂಜಿ ಒಂದೇ ಸಲ ಕಪ್ಪಾಗುವುದು. ಎಲ್ಲಿ ನಿಲ್ಲಬೇಕು, ಬೆಳಕು ಎಲ್ಲಿಂದ ಬರುತ್ತದೆ ಅಂತ ಮೊದಲೇ ಗೊತ್ತಿರಬೇಕು. ಅದಕ್ಕೇ ಮೊದಲು ರೊಟ್ಟಿ ಅಂದದ್ದು. ಮದುವೆ ಸ್ಟುಡಿಯೋದಲ್ಲಿ ಒಂದು ಸೀಸನ್ ಕೆಲಸ ಮಾಡಿದರೂ ಇದೇ ಪಾಠ ಸಿಗುತ್ತದೆ, ಕೈಗೆ ನಾಲ್ಕು ಕಾಸೂ ಬರುತ್ತದೆ. ಅಕ್ಷತೆ ಬೀಳುವಾಗ ಬ್ಯಾಟರಿ ಮುಗಿಯಿತು ಅಂತ ಯಾರಿಗೂ ಹೇಳುವ ಹಾಗಿಲ್ಲ ನೋಡಿ.

ಮಾತಿರುವ ಚಿತ್ರಕ್ಕೆ ಕೈ ಹಾಕಿದಾಗ ದಯವಿಟ್ಟು ಬೆಂಗಳೂರಿನ ಕನ್ನಡ ಬರೆಯಬೇಡಿ. ನಿಮ್ಮ ಓಣಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಹೇಗೆ ಕಲೆತು ಬರುತ್ತವೋ ಹಾಗೇ ಬರಲಿ. ಓದಿಯೇ ಕಲಿಯಬೇಕು ಅಂದರೆ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಸಂಸ್ಥೆ ಇದೆ, ಪುಣೆಯಲ್ಲಿ 1960ರಲ್ಲಿ ಶುರುವಾದ ಎಫ್‌ಟಿಐಐ ಅನ್ನುವ ಸಿನಿಮಾ ಶಾಲೆ ಇದೆ. ಪುಣೆಗೆ ನಮ್ಮ ಸ್ಟೇಷನ್ನಿನಿಂದ ನೇರ ರೈಲೇ ಇದೆ. ಪ್ರವೇಶಕ್ಕೆ ಹೋಗುವಾಗ ಕೈಯಲ್ಲಿ ಮುಗಿಸಿದ ಒಂದು ಚಿತ್ರ ಇದ್ದರೆ ಮಾತಾಡಲು ಧೈರ್ಯ ಇರುತ್ತದೆ.

ಅದಕ್ಕೂ ಮೊದಲು ಇದನ್ನು ಜನರಿಗೆ ತೋರಿಸಿ. ಗೆಳೆಯರಿಗಲ್ಲ, ಅವರು ಸೂಪರ್ ಅನ್ನುತ್ತಾರೆ. ರೊಟ್ಟಿ ಬಡಿಯುವವರಿಗೆ ತೋರಿಸಿ. ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ. ಎಲ್ಲಿ ಕಣ್ಣು ಬೇರೆ ಕಡೆ ಹೋಯಿತೋ ಅಲ್ಲಿ ಕತ್ತರಿ ಬೇಕು. ನಾನು ಓಣಿಯ ನಾಲ್ಕು ಜನ ಹೆಂಗಸರನ್ನು ಕೂರಿಸಿ ತೋರಿಸಿದ್ದೆ. ಧೂಳಿನ ಶಾಟಿಗೆ ಯಾರೂ ಏನೂ ಅನ್ನಲಿಲ್ಲ. ಮುಗಿದ ಮೇಲೆ ಪಕ್ಕದ ಮನೆ ಕಾಕು, "ಎಲ್ಲಾ ಛಲೋ ಅದ ಖರೆ, ನೀರು ಹಚ್ಚೂದ ತೋರ್ಸಿಲ್ಲಲ್ಲೋ. ನೀರು ಹಚ್ಚದ ರೊಟ್ಟಿ ಹ್ಯಾಂಗ ಉಬ್ಬತದ?" ಅಂದರು. ಹೌದು, ಒದ್ದೆ ಬಟ್ಟೆಯ ಶಾಟನ್ನೇ ನಾನು ತೆಗೆದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಶೂಟಿಂಗ್ ದಿನ ನೋಡಿರಲಿಲ್ಲ.

ಮರುದಿನ ಮುಂಜಾನೆ ಆ ಒಂದು ಶಾಟ್ ತೆಗೆಯೋಣ ಅಂತ ಫೋನ್ ಒರೆಸಿಕೊಂಡು ಅಡುಗೆಮನೆಗೆ ಹೋದೆ. ಅವ್ವ ಅವತ್ತು ಅನ್ನಕ್ಕೆ ಇಟ್ಟಿದ್ದಳು.